ಉಡುಪಿ ಹೊಟೇಲು ತುಂಬಿದೆ, ಕನ್ನಡ ಸಭಾಂಗಣ ಏಕೆ ಬರಿದಾಗುತ್ತಿದೆ?

ಭಾನುವಾರ ಮುಂಜಾನೆ ಮಾಟುಂಗ ಪೂರ್ವದ ಭಾವುದಾಜಿ ರಸ್ತೆಯಲ್ಲಿ ನಡೆದು ಹೋದವರಿಗೆ ಕೆಫೆ ಮದ್ರಾಸ್‌ನ ಮುಂದೆ ನಿಂತ ಜನಸಂದಣಿ ಕಣ್ಣಿಗೆ ಬೀಳದಿರದು. 1940ರಲ್ಲಿ ಆರಂಭವಾದ ಈ ಪುಟ್ಟ ಉಪಾಹಾರಗೃಹದ ಹೊರಗೆ ಹೆಸರು ಬರೆಸಿ, ಸರದಿ ಬರುವ ತನಕ ಕಾಲುದಾರಿಯಲ್ಲಿಯೇ ಕಾಯುವವರಲ್ಲಿ ಗುಜರಾತಿಗಳಿದ್ದಾರೆ, ಮರಾಠಿಗರಿದ್ದಾರೆ, ಸಿಂಧಿಗಳಿದ್ದಾರೆ, ದೂರದ ಉಪನಗರಗಳಿಂದ ಬಂದ ಯುವಕ ಯುವತಿಯರಿದ್ದಾರೆ. ರಸಂ ಇಡ್ಲಿ, ರಾಗಿ ದೋಸೆ, ಅನಾನಸು ಶೀರಾ ಎಂಬ ಹೆಸರುಗಳು ಅವರ ನಾಲಗೆಯ ಮೇಲೆ ಸಲೀಸಾಗಿ ಹರಿದಾಡುತ್ತವೆ. ಉಡುಪಿಯ ತಿಂಡಿ ಮುಂಬಯಿಯ ಸ್ವಂತ ತಿಂಡಿಯಾಗಿ ಎಷ್ಟೋ ಕಾಲವಾಯಿತು.

ಅದೇ ರಸ್ತೆಯಲ್ಲಿ 1926ರಲ್ಲಿ ಸ್ಥಾಪನೆಗೊಂಡ ಮೈಸೂರು ಅಸೋಸಿಯೇಶನ್ನಿನ ಕಟ್ಟಡವಿದೆ. ರೈಲು ಹಳಿ ದಾಟಿ ಪಶ್ಚಿಮಕ್ಕೆ ಹೋದರೆ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರವಿದೆ. ಕುರ್ಲಾದಲ್ಲಿ ಬಂಟರ ಭವನ, ಸಾಂತಾಕ್ರೂಜ್‌ನಲ್ಲಿ ಬಿಲ್ಲವ ಭವನ ತಲೆಯೆತ್ತಿ ನಿಂತಿವೆ. ಈ ಮಹಾನಗರದಲ್ಲಿ ಕನ್ನಡಿಗರಿಗೆ ಸಭಾಂಗಣಗಳ ಕೊರತೆಯಿಲ್ಲ, ಕಾರ್ಯಕ್ರಮಗಳ ಕೊರತೆಯೂ ಇಲ್ಲ. ಕೊರತೆ ಇರುವುದು ಪ್ರೇಕ್ಷಕರದು. ಕನ್ನಡ ನಾಟಕ, ತಾಳಮದ್ದಳೆ, ಕವಿಗೋಷ್ಠಿಗಳಿಗೆ ಹೋಗುವ ಅಭ್ಯಾಸವಿರುವ ನಮ್ಮ ಓದುಗರು ಒಮ್ಮೆ ಹಿಂತಿರುಗಿ ಸಾಲುಗಳನ್ನು ನೋಡಿದರೆ ಸಾಕು: ಕುಳಿತವರಲ್ಲಿ ಹೆಚ್ಚಿನವರು ನಿವೃತ್ತರು, ಉಳಿದವರು ವೇದಿಕೆಗೆ ಕರೆಸಿಕೊಳ್ಳಲಿರುವವರು ಅಥವಾ ಅವರ ಮನೆಯವರು.

ಒಂದೇ ಊರಿನ ಜನ ಕಟ್ಟಿದ ಎರಡು ಸಂಸ್ಥೆಗಳಲ್ಲಿ ಒಂದರ ಮುಂದೆ ಸರದಿ ಸಾಲು, ಇನ್ನೊಂದರ ಒಳಗೆ ಖಾಲಿ ಕುರ್ಚಿ. ಇದು ಹೇಗಾಯಿತು? ಪ್ರಶ್ನೆಯನ್ನು ಅಭಿಮಾನದ ಕೊರತೆ, ಯುವಜನರ ಅನಾದರ ಎಂಬ ರೂಢಿಯ ಮಾತುಗಳಿಂದ ಮುಗಿಸಿಬಿಡುವುದು ಸುಲಭ. ಆದರೆ ಕಾರಣ ಬೇರೆ ಕಡೆ ಇದೆಯೆಂದು ನಮಗೆ ತೋರುತ್ತದೆ. ಮುಂಬಯಿಯ ಕನ್ನಡ ಕಲೆ, ಸಾಹಿತ್ಯಗಳ ಇತಿಹಾಸವನ್ನು ಹೊಟೇಲಿನ ಹಿಂಬಾಗಿಲಿನಿಂದ ನೋಡಿದರೆ ಅದು ಹೆಚ್ಚು ಸ್ಪಷ್ಟವಾಗುತ್ತದೆ.

ಎಲೆ ಹಾಕಿದವರು, ಊರು ಕಟ್ಟಿದವರು

1896ರಲ್ಲಿ ಮುಂಬಯಿಗೆ ಪ್ಲೇಗು ಬಡಿದ ಬಳಿಕ ನಗರದ ಇಕ್ಕಟ್ಟನ್ನು ಕಡಿಮೆ ಮಾಡಲೆಂದು 1898ರಲ್ಲಿ ಸುಧಾರಣಾ ಟ್ರಸ್ಟ್ ಹುಟ್ಟಿಕೊಂಡಿತು. ದಾದರ್, ಮಾಟುಂಗ, ವಡಾಲ, ಸಾಯನ್ ಭಾಗಗಳಲ್ಲಿ ಅಗಲವಾದ ರಸ್ತೆ, ಗಾಳಿ ಬೆಳಕಿನ ಮನೆಗಳ ಬಡಾವಣೆಗಳನ್ನು ಅದು ಯೋಜಿಸಿತು. ರೈಲ್ವೆ, ಬ್ಯಾಂಕು, ಕಂಪೆನಿ ಕಚೇರಿಗಳಲ್ಲಿ ಗುಮಾಸ್ತಿಕೆಗೆಂದು ಬಂದ ದಕ್ಷಿಣದ ವಿದ್ಯಾವಂತರು ಮಾಟುಂಗದಲ್ಲಿ ನೆಲೆಸಿದರು. ಅವರಲ್ಲಿ ಬಹಳ ಮಂದಿ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು ಇಲ್ಲವೇ ಅವಿವಾಹಿತರು. ಅವರಿಗೆ ನಂಬಿಕೆಯಿಂದ ಉಣ್ಣಲು ಒಂದು ಜಾಗ ಬೇಕಿತ್ತು.

ಉಡುಪಿ ಸೀಮೆಯಿಂದ ಬಂದ ಎ. ರಾಮ ನಾಯಕರು 1936ರಲ್ಲಿ ಕೆಫೆ ಮೈಸೂರು, 1942ರಲ್ಲಿ ಮಾಟುಂಗ ರೈಲು ನಿಲ್ದಾಣದ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಈ ನಡುವೆ 1939ರಲ್ಲಿ ರಾಮ ಆಶ್ರಯ ಆರಂಭವಾಯಿತು. ನಿಗದಿತ ದರ, ಶುಚಿಯಾದ ಅಡುಗೆಮನೆ, ಬಿಸಿಬಿಸಿ ಬಡಿಸುವ ಕ್ರಮ, ಹಣ ಕೊಟ್ಟವನಿಗೆ ಕೂರಲು ಜಾಗ: ಇಷ್ಟೇ ಇದರ ಸೂತ್ರ. ಅಡುಗೆಮನೆಯೊಳಗೆ ಜಾತಿಯ ಕಟ್ಟುಪಾಡು ಬಹುಕಾಲ ಉಳಿದಿತ್ತೆಂಬುದನ್ನು ಮರೆಯುವಂತಿಲ್ಲ. ಆದರೆ ಗಲ್ಲದ ಮುಂದೆ ಬಂದ ಗಿರಾಕಿಯ ಕುಲಗೋತ್ರ ಕೇಳುವುದನ್ನು ಮುಂಬಯಿಯ ವ್ಯಾಪಾರ ಬೇಗನೆ ಬಿಡಿಸಿತು.

ಇತ್ತ ಕೋಟೆ ಪ್ರದೇಶದಲ್ಲಿ, ಅಂದರೆ ಫೋರ್ಟಿನಲ್ಲಿ, ಕರಾವಳಿಯ ಮೀನೂಟದ ಲಂಚ್ ಹೋಮ್‌ಗಳು ಬೆಳೆದವು. ಅಂಗಡಿ, ಬಂದರು, ಬ್ಯಾಂಕುಗಳ ನೌಕರರಿಗೆ ಕುಚ್ಚಲಕ್ಕಿ ಅನ್ನ, ಮೀನು ಸಾರು ಬಡಿಸುತ್ತಿದ್ದ ಇಕ್ಕಟ್ಟಿನ ಕೋಣೆಗಳಿಂದಲೇ ಇಂದು ಹೆಸರಾಂತವಾಗಿರುವ ಮೀನಿನ ಹೊಟೇಲುಗಳು ಬಂದಿವೆ. 1970ರ ದಶಕದಲ್ಲಿ ಆರಂಭವಾದ ಮಹೇಶ್ ಲಂಚ್ ಹೋಮ್ ಅದಕ್ಕೊಂದು ಉದಾಹರಣೆ. 1974ರ ಭೂಸುಧಾರಣೆಯ ತಿದ್ದುಪಡಿಯ ಬಳಿಕ ಕರ್ನಾಟಕದ ಕರಾವಳಿಯಲ್ಲಿ ಗೇಣಿಯ ಆದಾಯ ಕಳೆದುಕೊಂಡ ಕುಟುಂಬಗಳಿಂದಲೂ ಅನೇಕರು ಮುಂಬಯಿಯ ಹೊಟೇಲು ಉದ್ಯಮಕ್ಕೆ ಬಂದರು. ಹೀಗೆ ಸಸ್ಯಾಹಾರಿ ಉಡುಪಿ ಹೊಟೇಲು, ಲಂಚ್ ಹೋಮ್, ಮುಂದೆ ಪರ್ಮಿಟ್ ರೂಮು ಎಂದು ಉದ್ಯಮ ಕವಲೊಡೆಯಿತು.

ಈ ಹಾದಿ ಸುಗಮವಾಗಿರಲಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ಬಳಿಕ ದಕ್ಷಿಣ ಭಾರತೀಯರ ವಿರುದ್ಧ ನಡೆದ ಆಂದೋಲನದಲ್ಲಿ ಉಡುಪಿ ಹೊಟೇಲುಗಳು ಗುರಿಯಾದವು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದಾಗ ಪರೇಲ್, ಲಾಲ್‌ಬಾಗ್ ಸುತ್ತಿನ ಅಗ್ಗದ ಹೊಟೇಲುಗಳ ಗಿರಾಕಿಗಳೂ ಕರಗಿಹೋದರು. ಆದರೂ ಉದ್ಯಮ ತಾಳಿಕೊಂಡಿತು. ಪಾವ್ ಭಾಜಿ ಸೇರಿಸಿತು, ಪಂಜಾಬಿ ಸೇರಿಸಿತು, ಚೈನೀಸ್ ಸೇರಿಸಿತು, ಜೈನರಿಗಾಗಿ ಬೆಳ್ಳುಳ್ಳಿಯಿಲ್ಲದ ಬಗೆ ಮಾಡಿತು. ಗಿರಾಕಿ ಯಾರೇ ಇರಲಿ, ಅವನ ರುಚಿಗೆ ತಾನು ಬಾಗಬೇಕೆಂಬ ಪಾಠವನ್ನು ಅದು ಕಲಿತಿತ್ತು. ಈ ಮಾತಿಗೆ ನಾವು ಮುಂದೆ ಮರಳಿ ಬರಲಿದ್ದೇವೆ.

ಮಾಣಿ, ರಾತ್ರಿ ಶಾಲೆ, ರಂಗಸ್ಥಳ

ಹೊಟೇಲಿನ ಯಶಸ್ಸನ್ನು ನಾವು ಮಾಲಕರ ಹೆಸರಿನಲ್ಲಿ ಹೇಳುವುದು ರೂಢಿ. ಕಲೆಯ ದೃಷ್ಟಿಯಿಂದ ಮುಖ್ಯನಾದವನು ಬೇರೆಯವನು. ಊರಿನಲ್ಲಿ ಐದನೆಯದೋ ಏಳನೆಯದೋ ಮುಗಿಸಿ, ಯಾರೋ ಮಾವನ ಜೊತೆ ಬಂದಿಳಿದು, ಲೋಟ ತೊಳೆಯುವುದರಿಂದ ಆರಂಭಿಸಿ, ರಾತ್ರಿ ಅದೇ ಮೇಜುಗಳನ್ನು ಜೋಡಿಸಿ ಮಲಗಿದ ಮಾಣಿ ಅವನು. ಅವನಿಗಾಗಿ ಈ ನಗರದ ಕನ್ನಡಿಗರು ರಾತ್ರಿ ಶಾಲೆಗಳನ್ನು ತೆರೆದರು. ಮೊಗವೀರರು 1902ರಲ್ಲಿ, ಬಂಟರು 1927ರಲ್ಲಿ, ಬಿಲ್ಲವರು 1932ರಲ್ಲಿ ಸಂಘಟಿತರಾದಾಗ ಅವರೆಲ್ಲರ ಮುಂದಿದ್ದ ಮೊದಲ ಕೆಲಸಗಳಲ್ಲಿ ವಿದ್ಯಾದಾನವೂ ಒಂದಾಗಿತ್ತು. ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆಯ ಹೆಸರನ್ನು ಕೇಳದ ಹಿರಿಯ ತುಳು ಕನ್ನಡಿಗರು ಇಲ್ಲಿ ವಿರಳ.

ಇಲ್ಲಿ ಒಂದು ಸಂಗತಿಯನ್ನು ನಾವು ಸಾಕಷ್ಟು ಗಮನಿಸಿಲ್ಲ. ಈ ಹುಡುಗರಲ್ಲಿ ಹೆಚ್ಚಿನವರ ಮನೆಮಾತು ಕನ್ನಡವಲ್ಲ. ಅವರು ತುಳು ಆಡುವವರು, ಕೊಂಕಣಿ ಆಡುವವರು. ಕನ್ನಡ ಅವರಿಗೆ ಪಠ್ಯಪುಸ್ತಕದ ಭಾಷೆ, ಪತ್ರಿಕೆಯ ಭಾಷೆ, ಯಕ್ಷಗಾನ ಪ್ರಸಂಗದ ಭಾಷೆ. ಅಂದರೆ ಮುಂಬಯಿಯ ಕನ್ನಡವು ಬಹುಮಟ್ಟಿಗೆ ಶಾಲೆಯಲ್ಲಿ ಕಲಿತು ಬಂದ ಭಾಷೆ. ತಾಯಿಯ ಮಡಿಲಿನಲ್ಲಿ ಬಂದ ಭಾಷೆ ತಾನಾಗಿ ಒಂದೆರಡು ತಲೆಮಾರು ಬದುಕೀತು. ಕಲಿತು ಬಂದ ಭಾಷೆಗೆ ಪ್ರತಿ ತಲೆಮಾರಿನಲ್ಲೂ ಹೊಸ ಶಾಲೆ ಬೇಕು. ಇಷ್ಟು ಅರ್ಥ ಮಾಡಿಕೊಂಡರೆ ಇಂದಿನ ಸ್ಥಿತಿಯ ಅರ್ಧ ಭಾಗ ಅರ್ಥವಾದಂತೆ.

ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿದ ಮಾಣಿ ಬ್ಯಾಂಕಿನ ಗುಮಾಸ್ತನಾದ, ಕಂಪೆನಿಯ ಟೈಪಿಸ್ಟನಾದ, ವಕೀಲನಾದ, ಕೆಲವೊಮ್ಮೆ ಹೊಟೇಲಿನ ಮಾಲಕನೇ ಆದ. ಆದರೆ ಭಾನುವಾರ ಅವನು ತಾಳಮದ್ದಳೆಗೆ ಬಂದ, ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಬಣ್ಣ ಹಚ್ಚಿದ, ಗ್ರಂಥಾಲಯದಿಂದ ಕಾದಂಬರಿ ಒಯ್ದ. ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಊರಿನ ಮೇಳದ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬಂದಾಗ ಅವರಿಗೆ ಊಟ ವಸತಿ ಒದಗಿಸಿದ್ದು ಹೊಟೇಲು. ಅವರ ಆಟಕ್ಕೆ ನಿದ್ದೆಗೆಟ್ಟು ಕೂತದ್ದು ಹೊಟೇಲಿನ ಕೆಲಸಗಾರ. ಮರುದಿನ ಬೆಳಿಗ್ಗೆ ಐದಕ್ಕೆ ಹಾಲಿನ ಕ್ಯಾನು ಇಳಿಸಬೇಕೆಂಬುದು ಗೊತ್ತಿದ್ದೂ ಕೂತ ಪ್ರೇಕ್ಷಕ ಅವನು.

ಮುಂಬಯಿ ಕನ್ನಡ ಸಾಹಿತ್ಯದ ಹಿರಿಯ ಹೆಸರುಗಳೆಲ್ಲ ಹೊಟೇಲಿನಿಂದ ಬಂದವೆಂದು ನಾವು ಹೇಳುತ್ತಿಲ್ಲ. 1979ರಲ್ಲಿ ‘ಶಿಕಾರಿ’ ಬರೆದ ಯಶವಂತ ಚಿತ್ತಾಲರು ಉದ್ಯಮ ಸಂಸ್ಥೆಯ ಅಧಿಕಾರಿ. ‘ಬಂಡಾಯ’ ಕಾದಂಬರಿಗೆ 1986ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವ್ಯಾಸರಾಯ ಬಲ್ಲಾಳರೂ ಕಚೇರಿಯ ಬದುಕಿನವರು. ಆದರೆ ಅವರ ಸುತ್ತ ಇದ್ದ ಓದುಗ ವರ್ಗ, ಅವರ ಭಾಷಣಕ್ಕೆ ಬಂದ ಶ್ರೋತೃ ವರ್ಗ ರಾತ್ರಿ ಶಾಲೆಗಳಿಲ್ಲದೆ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಮೂಲ್ಕಿಯಿಂದ ಬಂದು ಮುಂಬಯಿ ಕನ್ನಡ ರಂಗಭೂಮಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಸದಾನಂದ ಸುವರ್ಣರು 1977ರಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ನಿರ್ಮಾಪಕರಾದರು, ಆ ಚಿತ್ರಕ್ಕೆ ಸ್ವರ್ಣಕಮಲ ಬಂತು. 2024ರ ಜುಲೈಯಲ್ಲಿ ಅವರು ತೀರಿಕೊಂಡಾಗ, ಮುಂಬಯಿಯಲ್ಲಿ ಕಲಿತ ಧೈರ್ಯ ಕನ್ನಡ ನಾಡಿಗೇ ಏನು ಕೊಟ್ಟಿತು ಎಂಬುದನ್ನು ನಾವೆಲ್ಲ ಮತ್ತೊಮ್ಮೆ ನೆನೆದೆವು.

ಸರಪಳಿ ಕಡಿದದ್ದು ಎಲ್ಲಿ?

ಹೊಟೇಲು, ರಾತ್ರಿ ಶಾಲೆ, ಸಂಘ, ರಂಗಸ್ಥಳ ಎಂಬ ಈ ಸರಪಳಿಯ ಮೊದಲ ಕೊಂಡಿಯೇ ಈಗ ಇಲ್ಲ. ಅದು ಕಳಚಿದ್ದು ಬಹುಮಟ್ಟಿಗೆ ಒಳ್ಳೆಯ ಕಾರಣಗಳಿಗಾಗಿ. 2006ರ ಅಕ್ಟೋಬರ್ 10ರಿಂದ ಹೊಟೇಲು, ಢಾಬಾಗಳಲ್ಲಿ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಕಾನೂನು ನಿಷೇಧಿಸಿತು. ಅದಕ್ಕೂ ಮುನ್ನವೇ ಕರಾವಳಿಯ ಎರಡೂ ಜಿಲ್ಲೆಗಳಲ್ಲಿ ಶಾಲೆ, ಕಾಲೇಜು, ತಾಂತ್ರಿಕ ವಿದ್ಯಾಲಯಗಳು ಬೆಳೆದಿದ್ದವು. ಹುಡುಗರು ಕಲಿತರು, ಕಲಿತವರು ಬೆಂಗಳೂರಿಗೆ, ಕೊಲ್ಲಿ ರಾಷ್ಟ್ರಗಳಿಗೆ ಹೋದರು. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದಾಗ ಊರು ಹತ್ತಿರವಾಯಿತು ಎಂದು ನಾವು ಹಿಗ್ಗಿದೆವು. ಆದರೆ ಅಷ್ಟರಲ್ಲಿ ಆ ರೈಲು ಹತ್ತಿ ಲೋಟ ತೊಳೆಯಲು ಬರುವ ಹುಡುಗರು ಊರಿನಲ್ಲಿ ಕಡಿಮೆಯಾಗುತ್ತಿದ್ದರು. ಮಾಣಿಯ ಮಗು ಮಾಣಿಯಾಗದೇ ಹೋದದ್ದು ಈ ಸಮಾಜದ ದೊಡ್ಡ ಸಾಧನೆ. ಹಳೆಯ ವೈಭವಕ್ಕಾಗಿ ಹಲುಬುವಾಗ ಅದು ಹನ್ನೆರಡರ ಹುಡುಗನೊಬ್ಬನ ನಿದ್ದೆಗೆಟ್ಟ ರಾತ್ರಿಗಳ ಮೇಲೆ ನಿಂತಿತ್ತೆಂಬುದನ್ನು ಮರೆಯಬಾರದು.

ಇಂದು ಮುಂಬಯಿಯ ಯಾವುದೇ ಉಡುಪಿ ಹೊಟೇಲಿನ ಅಡುಗೆಮನೆಗೆ ಹೋದರೆ ಕೇಳುವುದು ಹೆಚ್ಚಾಗಿ ಹಿಂದಿ. ಉತ್ತರ ಪ್ರದೇಶ, ಬಿಹಾರ, ಝಾರ್ಖಂಡ, ನೇಪಾಳಗಳಿಂದ ಬಂದ ಯುವಕರು ದೋಸೆ ಹುಯ್ಯುತ್ತಾರೆ, ಚೆನ್ನಾಗಿಯೇ ಹುಯ್ಯುತ್ತಾರೆ. ದೋಸೆಗೆ ಇದರಿಂದ ನಷ್ಟವಿಲ್ಲ. ಕಾವಲಿಯ ಮುಂದೆ ನಿಂತವನು ಮಾತ್ರ ರಾತ್ರಿ ಕನ್ನಡ ಶಾಲೆಗೆ ಹೋಗುವವನಲ್ಲ, ಮಳೆಗಾಲದ ಆಟಕ್ಕೆ ಬರುವವನಲ್ಲ. ಹೊಟೇಲು ಉಡುಪಿಯದಾಗಿ ಉಳಿಯಿತು. ಅದರ ಹಿಂದಿದ್ದ ಕನ್ನಡದ ಶಾಲೆ ಮುಚ್ಚಿಹೋಯಿತು.

ಹೊಟೇಲಿನ ನೆಲೆಯೂ ಅಲುಗಾಡುತ್ತಿದೆ. ಹಳೆಯ ಹೊಟೇಲುಗಳಲ್ಲಿ ಬಹಳಷ್ಟು ಪಗಡಿ ಪದ್ಧತಿಯ ಬಾಡಿಗೆ ಜಾಗದಲ್ಲಿವೆ. ಆರಂಭದಲ್ಲಿ ದೊಡ್ಡ ಮೊತ್ತ ಕೊಟ್ಟು, ಬಳಿಕ ಅತ್ಯಲ್ಪ ಬಾಡಿಗೆಯಲ್ಲಿ ತಲೆಮಾರುಗಳ ಕಾಲ ಉಳಿಯುವ ಈ ವ್ಯವಸ್ಥೆಯನ್ನು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ಮಾನ್ಯ ಮಾಡಿದೆ. ಅಗ್ಗದ ದರದಲ್ಲಿ ಇಡ್ಲಿ ಕೊಡಲು ಸಾಧ್ಯವಾದದ್ದರ ಒಂದು ಗುಟ್ಟು ಈ ಅಲ್ಪ ಬಾಡಿಗೆ. ಕಟ್ಟಡಗಳು ಜೀರ್ಣವಾಗಿ ಪುನರ್ನಿರ್ಮಾಣಕ್ಕೆ ಹೋದಾಗ ಹೊಟೇಲು ವರ್ಷಗಟ್ಟಲೆ ಬಾಗಿಲು ಹಾಕಬೇಕಾಗುತ್ತದೆ. ಮರಳಿ ಬಂದಾಗ ಹೊಗೆ ಕೊಳವೆ, ನಿರ್ವಹಣಾ ವೆಚ್ಚ, ಮೇಲಿನ ಮಹಡಿಗಳ ಹೊಸ ನಿವಾಸಿಗಳ ಆಕ್ಷೇಪ ಎಲ್ಲವನ್ನೂ ಎದುರಿಸಬೇಕು. 2020ರ ಲಾಕ್‌ಡೌನ್ ಅನೇಕ ಮಾಲಕರಿಗೆ ನಿರ್ಧಾರದ ಗಳಿಗೆಯಾಯಿತು. ಮಕ್ಕಳು ವೈದ್ಯರೋ ಇಂಜಿನಿಯರರೋ ಆಗಿದ್ದಲ್ಲಿ ಹೊಟೇಲನ್ನು ನಡೆಸಲು ಕೊಟ್ಟು ವಿಶ್ರಾಂತರಾದವರು ನಮ್ಮ ಪರಿಚಯದಲ್ಲಿಯೇ ಇದ್ದಾರೆ. ಮೊಬೈಲಿನ ಮೂಲಕ ಊಟ ತರಿಸುವ ಕಂಪೆನಿಗಳ ಕಮಿಷನ್ನಿನ ಹೊರೆ ಬೇರೆ.

ಹಣವಿದೆ, ಜನವಿಲ್ಲ

ಹಾಗೆಂದು ಕಲಾಪೋಷಣೆ ನಿಂತಿಲ್ಲ. ಹೊಟೇಲು ಉದ್ಯಮಿಗಳು ಇಂದಿಗೂ ನಮ್ಮ ಸಂಘ ಸಂಸ್ಥೆಗಳ ಬೆನ್ನೆಲುಬು. ಸ್ಮರಣ ಸಂಚಿಕೆಗೆ ಜಾಹೀರಾತು ಕೇಳಿದರೆ ಇಲ್ಲವೆನ್ನುವುದಿಲ್ಲ; ಮೇಳದ ಪ್ರಯಾಣದ ವೆಚ್ಚ, ಕಲಾವಿದರ ಚಿಕಿತ್ಸೆ, ವಿದ್ಯಾರ್ಥಿವೇತನ ಯಾವುದಕ್ಕೂ ಕೈ ಹಿಂದೆಗೆಯುವುದಿಲ್ಲ. ಈ ಔದಾರ್ಯವನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ.

ಆದರೆ ಈ ಔದಾರ್ಯವೇ ನಮ್ಮ ಕಣ್ಣಿಗೆ ಪೊರೆಯಾಗಿದೆಯೇ ಎಂದು ಕೇಳಿಕೊಳ್ಳುವ ಕಾಲ ಬಂದಿದೆ. ದಾನಿಗಳ ಹಣದಿಂದ ಸಭಾಂಗಣದ ಬಾಡಿಗೆ ಸಂದಾಯವಾದರೆ ಪ್ರೇಕ್ಷಕ ಬಂದನೋ ಇಲ್ಲವೋ ಎಂಬ ಚಿಂತೆ ಸಂಘಟಕನಿಗೆ ಇರುವುದಿಲ್ಲ. ದಾನಿಯನ್ನು ಗೌರವಿಸುವುದು ಕರ್ತವ್ಯ. ಹಾಗಾಗಿ ಶಾಲು, ಫಲಪುಷ್ಪ, ಸ್ಮರಣಿಕೆ. ಆರು ಗಂಟೆಗೆಂದು ಪ್ರಕಟವಾದ ನಾಟಕ ಎಂಟಕ್ಕೆ ಆರಂಭವಾಗುತ್ತದೆ. ಅಷ್ಟರಲ್ಲಿ ಕಲ್ಯಾಣ, ವಸಾಯಿಯ ರೈಲು ಹಿಡಿಯಬೇಕಾದ ಪ್ರೇಕ್ಷಕ ಎದ್ದು ಹೋಗಿರುತ್ತಾನೆ. ವೇದಿಕೆಯ ಮೇಲೆ ಹದಿನೈದು ಜನ, ಕೆಳಗೆ ಐವತ್ತು ಜನ ಎಂಬ ದೃಶ್ಯವನ್ನು ನಾವೂ ಏರ್ಪಡಿಸಿದ್ದೇವೆ, ಹಾಗಾಗಿ ಈ ಟೀಕೆ ನಮಗೂ ಸೇರಿದ್ದೇ.

ಹೊಟೇಲಿನವನು ಹೀಗೆ ಮಾಡಿದ್ದರೆ ಒಂದು ತಿಂಗಳು ಬಾಳುತ್ತಿರಲಿಲ್ಲ. ಎರಡು ಗಂಟೆ ಕಾಯಿಸಿ, ಮೊದಲು ಅಕ್ಕಿ ಕೊಟ್ಟ ವ್ಯಾಪಾರಿಯ ಸನ್ಮಾನ ಮಾಡಿ, ಆಮೇಲೆ ಇಡ್ಲಿ ಬಡಿಸಿದರೆ ಯಾವ ಗಿರಾಕಿ ಮರಳಿ ಬಂದಾನು? ನಮ್ಮ ಉದ್ಯಮಿಗಳು ತಮ್ಮ ಗಲ್ಲದ ಮುಂದೆ ಕಲಿತ ಪಾಠವನ್ನು ನಮ್ಮ ಸಭಾಂಗಣಗಳು ಕಲಿಯಲಿಲ್ಲ. ಹೊಟೇಲು ಗಿರಾಕಿಯಿಂದ ಬದುಕಿತು; ಸಭಾಂಗಣ ದಾನಿಯಿಂದ ಬದುಕಿತು. ಇಂದು ಒಂದು ತುಂಬಿ, ಇನ್ನೊಂದು ಬರಿದಾಗಿರುವುದರ ಅರ್ಥ ಇಷ್ಟೇ ಎಂದು ನಮಗನಿಸುತ್ತದೆ. ಹಾಸ್ಯಪ್ರಧಾನ ತುಳು ನಾಟಕಗಳಿಗೆ ಈ ನಗರದಲ್ಲಿ ಇಂದಿಗೂ ಜನ ಸೇರುತ್ತಾರೆ. ಅದಕ್ಕೆ ತುಳು ಮನೆಯಲ್ಲಿ ಉಳಿದ ಭಾಷೆಯಾದದ್ದು ಒಂದು ಕಾರಣ, ಆ ತಂಡಗಳು ಪ್ರೇಕ್ಷಕನನ್ನು ನಂಬಿ ನಡೆಯುವುದು ಇನ್ನೊಂದು ಕಾರಣ.

ನಗರದ ಉಳಿದ ಕಡೆ

ಕಾಲಾಘೋಡಾದ ಜಹಾಂಗೀರ್ ಕಲಾಗ್ಯಾಲರಿ 1952ರಲ್ಲಿ ತೆರೆಯಿತು. ಅದಕ್ಕಾಗಿ ಸರ್ ಕಾವಸ್‌ಜಿ ಜಹಾಂಗೀರರ ಮನವೊಲಿಸಿದವರಲ್ಲಿ ಹೋಮಿ ಭಾಭಾರ ಜೊತೆಗೆ ಉಡುಪಿ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರೂ ಇದ್ದರೆಂಬುದು ನಮಗೆ ಹೆಮ್ಮೆಯ ಸಂಗತಿ. ಅದೇ ಗ್ಯಾಲರಿಯಲ್ಲಿ 1964ರಿಂದ 2015ರ ಮಾರ್ಚ್ ಕೊನೆಯವರೆಗೆ ಕೆಫೆ ಸಮೋವಾರ್ ನಡೆಯಿತು. ಚಿತ್ರಕಾರರು, ಕವಿಗಳು, ಪತ್ರಕರ್ತರು, ನಾಟಕದವರು ಅಲ್ಲಿ ಚಹಾ ಕುಡಿಯುತ್ತ ಗಂಟೆಗಟ್ಟಲೆ ಕೂರುತ್ತಿದ್ದರು. ಅದು ಮುಚ್ಚಿದಾಗ ಪತ್ರಿಕೆಗಳಲ್ಲಿ ಬಂದ ನೆನಪುಗಳ ಮಹಾಪೂರ, ಒಂದು ಕಲಾಕೇಂದ್ರಕ್ಕೆ ತಿಂಡಿಯ ಮೇಜು ಎಷ್ಟು ಮುಖ್ಯವೆಂದು ತೋರಿಸಿತು. ಜುಹುವಿನ ಪೃಥ್ವಿ ಥಿಯೇಟರ್ 1978ರಿಂದ ಇದೇ ಮರ್ಮವನ್ನು ಅರಿತು ನಡೆದಿದೆ. ಅಲ್ಲಿ ಉಪಾಹಾರಗೃಹವಿದೆ, ಟಿಕೇಟು ಇದೆ, ವೇಳೆಗೆ ಸರಿಯಾಗಿ ನಾಟಕ ಆರಂಭವಾಗುತ್ತದೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಕಿಂಗ್ಸ್ ಸರ್ಕಲ್ ಬಳಿಯ ಷಣ್ಮುಖಾನಂದ. 1952ರಲ್ಲಿ ಹುಟ್ಟಿದ ಸಂಗೀತ ಸಭೆ 1963ರಲ್ಲಿ ತನ್ನ ದೊಡ್ಡ ಸಭಾಂಗಣವನ್ನು ಕಟ್ಟಿತು. 1990ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. 1998ರಲ್ಲಿ ಮತ್ತೆ ಬಾಗಿಲು ತೆರೆಯಿತು. ಅದರ ಹಿಂದೆಯೂ ದಾನಿಗಳಿದ್ದಾರೆ. ಆದರೆ ತಳಪಾಯದಲ್ಲಿ ಚಂದಾ ಕೊಟ್ಟು ಕಛೇರಿ ಕೇಳುವ ಸದಸ್ಯನಿದ್ದಾನೆ. ತಾನು ಹಣ ಕೊಟ್ಟ ಕಾರ್ಯಕ್ರಮಕ್ಕೆ ಅವನು ಬರುತ್ತಾನೆ, ಚೆನ್ನಾಗಿಲ್ಲದಿದ್ದರೆ ಕೇಳುತ್ತಾನೆ.

ನಮ್ಮ ಸಭಾಂಗಣಕ್ಕೆ ಬಾರದ ಕನ್ನಡಿಗರು

ಪ್ರೇಕ್ಷಕ ಎಲ್ಲಿದ್ದಾನೆ ಎಂಬ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ, ಅದು ನಮಗೆ ಹಿತವಾದ ಉತ್ತರವಲ್ಲ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸುತ್ತ ಬಂದಿದೆ, ಅವುಗಳಲ್ಲಿ ಕನ್ನಡವೂ ಒಂದು. ಕರಾವಳಿಯ ಕುಟುಂಬಗಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಬಳಿಕ, ಸಂಖ್ಯೆಯಲ್ಲಿ ಕುಗ್ಗುತ್ತ ಬಂದ ಆ ಕನ್ನಡ ತರಗತಿಗಳಲ್ಲಿ ಉಳಿದವರು ಹೆಚ್ಚಾಗಿ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬಂದವರ ಮಕ್ಕಳು. ಬೆಳಿಗ್ಗೆ ನಾಕಾಗಳಲ್ಲಿ ಬುತ್ತಿ ಹಿಡಿದು ಕೂಲಿಗಾಗಿ ಕಾಯುವ ಗುಂಪಿನಲ್ಲಿ ಉತ್ತರ ಕರ್ನಾಟಕದ ಕನ್ನಡ ಕೇಳದವರು ಈ ನಗರದಲ್ಲಿ ಕಿವಿಯಿಟ್ಟು ನಡೆದವರಲ್ಲ.

ಇವರಲ್ಲಿ ಬಹುಪಾಲು ಜನರ ಮನೆಮಾತು ಕನ್ನಡ. ಡೊಳ್ಳು, ಭಜನೆ, ಬಯಲಾಟ, ಗೀಗೀ ಪದ, ವಚನ ಅವರ ಬದುಕಿನಲ್ಲಿವೆ. ಆದರೆ ನಮ್ಮ ಕನ್ನಡ ಕಲಾಲೋಕದ ಪಟ್ಟಿಯಲ್ಲಿ ಅವರಿಲ್ಲ. ಎಪ್ಪತ್ತು ವರ್ಷಗಳ ಹಿಂದೆ ಮಾಣಿ ಎಲ್ಲಿದ್ದನೋ ಇಂದು ಅವರು ಅಲ್ಲಿದ್ದಾರೆ. ಅಂದಿನ ಹಿರಿಯರು ಜಾತಿ, ಊರು ನೋಡಿಯಾದರೂ ಮಾಣಿಗಾಗಿ ರಾತ್ರಿ ಶಾಲೆ ತೆರೆದರು. ನಾವು ಇವರಿಗಾಗಿ ಏನು ತೆರೆದಿದ್ದೇವೆ? ರಾಜ್ಯೋತ್ಸವದ ದಿನ ಕನ್ನಡ ಉಳಿಯಲಿ ಎಂದು ಘೋಷಿಸುವ ಸಂಘಗಳು, ಕನ್ನಡದಲ್ಲಿಯೇ ಕಲಿಯುತ್ತಿರುವ ಈ ಮಕ್ಕಳನ್ನು ನಾಟಕಕ್ಕೆ, ಯಕ್ಷಗಾನ ತರಬೇತಿಗೆ ಕರೆದಿದ್ದೇವೆಯೇ ಎಂದು ಎದೆ ಮುಟ್ಟಿ ಕೇಳಿಕೊಳ್ಳಬೇಕು. ಅಲ್ಲೊಂದು ಇಲ್ಲೊಂದು ಒಳ್ಳೆಯ ಪ್ರಯತ್ನ ನಡೆದಿರಬಹುದು. ಅದು ನಮ್ಮ ರೂಢಿಯಾಗಿಲ್ಲ.

ಮುಂದಿನ ಹೆಜ್ಜೆ

ದೊಡ್ಡ ಯೋಜನೆಗಳ ಮಾತು ಬೇಡ. ಕೈಗೆಟುಕುವ ನಾಲ್ಕು ಕೆಲಸಗಳನ್ನು ನಾವು ಸೂಚಿಸಬಯಸುತ್ತೇವೆ.

ಮೊದಲನೆಯದು, ಪ್ರದರ್ಶನ ಮತ್ತು ಸನ್ಮಾನಗಳನ್ನು ಬೇರೆ ಮಾಡುವುದು. ಸನ್ಮಾನಕ್ಕೆ ಅದರದೇ ದಿನವಿರಲಿ. ನಾಟಕದ ದಿನ ನಾಟಕ ಮಾತ್ರ, ಹೇಳಿದ ವೇಳೆಗೆ. ಟಿಕೇಟು 100 ರೂಪಾಯಿಯೇ ಇರಲಿ, ಆದರೆ ಇರಲಿ. ವಿದ್ಯಾರ್ಥಿಗಳಿಗೂ ದಿನಗೂಲಿಯವರಿಗೂ ಉಚಿತವಾಗಿ ಬಿಡುವ ಹಣವನ್ನು ದಾನಿಗಳು ತುಂಬಲಿ. ದಾನಿಯ ಕೊಡುಗೆ ಪ್ರೇಕ್ಷಕನನ್ನು ತರಲು ಬಳಕೆಯಾದರೆ ಅದಕ್ಕಿಂತ ದೊಡ್ಡ ಸನ್ಮಾನ ಬೇರಿಲ್ಲ.

ಎರಡನೆಯದು, ಕನ್ನಡ ಮಾಧ್ಯಮದ ಉಳಿದ ಶಾಲೆಗಳೊಂದಿಗೆ ಒಂದೊಂದು ಸಂಘ ಒಂದೊಂದು ಶಾಲೆಯೆಂಬಂತೆ ನಂಟು ಬೆಳೆಸುವುದು. ವರ್ಷಕ್ಕೊಂದು ನಾಟಕ, ಒಂದು ತಿಂಗಳ ಯಕ್ಷಗಾನ ಶಿಬಿರ, ಒಂದು ಕಪಾಟು ಪುಸ್ತಕ ಸಾಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್ ಆದ ನಮ್ಮ ಮಕ್ಕಳಿಗೆ ಭಾನುವಾರದ ಕನ್ನಡ ತರಗತಿ ಬೇರೆಯೇ ಬೇಕು.

ಮೂರನೆಯದು, ಹೊರಗಿನವರಿಗೆ ಬಾಗಿಲು ತೆರೆಯುವುದು. ಕಾರ್ನಾಡರ ‘ತುಘಲಕ್’ 1970ರಲ್ಲಿ ಅಲೀಕ್ ಪದಮ್ಸಿಯವರ ನಿರ್ದೇಶನದಲ್ಲಿ ಇದೇ ನಗರದಲ್ಲಿ ಇಂಗ್ಲಿಷಿನಲ್ಲಿ ರಂಗಕ್ಕೆ ಬಂದಿತ್ತು. ಮುಂಬಯಿಯ ಹಿನ್ನೆಲೆಯ ಜಯಂತ ಕಾಯ್ಕಿಣಿಯವರ ಕಥೆಗಳು ತೇಜಸ್ವಿನಿ ನಿರಂಜನರ ಅನುವಾದದ ಮೂಲಕ 2018ರ ಡಿಎಸ್‌ಸಿ ಪ್ರಶಸ್ತಿ ಗೆದ್ದವು. ಕನ್ನಡದ ಸರಕಿಗೆ ಇಲ್ಲಿ ಗಿರಾಕಿ ಇಲ್ಲವೆಂಬುದು ಸುಳ್ಳು. ಕನ್ನಡ ನಾಟಕದ ವೇಳೆ ವೇದಿಕೆಯ ಪಕ್ಕದ ಪರದೆಯ ಮೇಲೆ ಮರಾಠಿ, ಇಂಗ್ಲಿಷ್ ಸಾಲುಗಳನ್ನು ತೋರಿಸುವುದು ಇಂದು ಕಷ್ಟದ ಕೆಲಸವಲ್ಲ. ಬೆಳಿಗ್ಗೆ ರಸಂ ಇಡ್ಲಿಗೆ ಕಾದು ನಿಂತ ಗುಜರಾತಿ ಹುಡುಗಿ ಸಂಜೆ ಯಕ್ಷಗಾನಕ್ಕೆ ಬರಬಾರದೆಂದೇನೂ ಇಲ್ಲ. ಅವಳನ್ನು ಕರೆದವರು ಯಾರು?

ನಾಲ್ಕನೆಯದು, ಹೊಟೇಲುಗಳ ಚರಿತ್ರೆಯನ್ನು ದಾಖಲಿಸುವುದು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1978ರಿಂದ ಇಲ್ಲಿನ ಕನ್ನಡ ಬದುಕಿನ ಅಧ್ಯಯನಕ್ಕೆ ಬಲ ಕೊಟ್ಟಿದೆ. ಹಳೆಯ ದರಪಟ್ಟಿಗಳು, ಲೆಕ್ಕದ ಪುಸ್ತಕಗಳು, ರಾತ್ರಿ ಶಾಲೆಯ ಹಾಜರಿ ಪುಸ್ತಕಗಳು, ನಾಟಕದ ಕರಪತ್ರಗಳು, ಎಂಬತ್ತು ದಾಟಿದ ಮಾಜಿ ಮಾಣಿಗಳ ಮಾತುಗಳು ಇವನ್ನೆಲ್ಲ ಪುನರ್ನಿರ್ಮಾಣದ ಧೂಳಿಗೆ ಸೇರುವ ಮುನ್ನ ಸಂಗ್ರಹಿಸಬೇಕು. ಹೊಟೇಲಿನ ಗೋಡೆಯ ಒಂದು ಮೂಲೆಯಲ್ಲಿ ಆ ಚಿತ್ರಗಳನ್ನೂ ಆ ವಾರದ ನಾಟಕದ ಪ್ರಕಟಣೆಯನ್ನೂ ತೂಗುಹಾಕಲು ನಮ್ಮ ಮಾಲಕರು ಸಂತೋಷದಿಂದ ಜಾಗ ಕೊಟ್ಟಾರು.

ಮಾಟುಂಗದ ತಿಂಡಿಯ ಖ್ಯಾತಿಗೆ ಈಗೇನೂ ಕೊರತೆಯಿಲ್ಲ. ಅದೇ ಭಾಗದ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಓದಿದ ಮುಕೇಶ್ ಅಂಬಾನಿಯವರು ವಿದ್ಯಾರ್ಥಿ ದಿನಗಳಿಂದ ಕೆಫೆ ಮೈಸೂರಿನ ಗಿರಾಕಿ ಎಂಬುದು ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಅದನ್ನು ಓದಿ ನಾವೂ ಸಂತೋಷಪಟ್ಟಿದ್ದೇವೆ. ಆದರೆ ಆ ಮೇಜಿನ ಮೇಲೆ ಇಡ್ಲಿ ಇಟ್ಟ ಹುಡುಗ ರಾತ್ರಿ ಯಾವ ಶಾಲೆಗೆ ಹೋದ, ಯಾವ ಪುಸ್ತಕ ಓದಿದ, ಯಾವ ನಾಟಕದಲ್ಲಿ ದೂತನ ಪಾತ್ರ ಮಾಡಿದ ಎಂಬುದನ್ನು ಯಾವ ಪತ್ರಿಕೆಯೂ ಬರೆಯಲಾರದು. ಅದನ್ನು ನೆನಪಿಡಬೇಕಾದವರು ನಾವು. ಅವನ ಜಾಗದಲ್ಲಿ ಇಂದು ನಾಕಾದಲ್ಲಿ ನಿಂತಿರುವವನ ಮಗುವಿಗೆ ನಮ್ಮ ಸಭಾಂಗಣದ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಇಡಬೇಕಾದವರೂ ನಾವೇ. ಕುರ್ಚಿಗಳಂತೂ ಸಾಕಷ್ಟು ಖಾಲಿಯಿವೆ.